ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ವೇಗ ಸೋರಿಹೋಗುವುದು ಎಲ್ಲಿ?

ಸ್ಪರ್ಧೆಯ ನಾಲ್ಕು ಈಜು ಶೈಲಿಗಳಲ್ಲಿ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕೈಕಾಲು ಹರಡಿ ಈಜುವ ಶೈಲಿ) ಎಲ್ಲಕ್ಕಿಂತ ನಿಧಾನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್‌ಲೆ 100 ಮೀಟರ್ ಫ್ರೀಸ್ಟೈಲನ್ನು 46.40 ಸೆಕೆಂಡಿನಲ್ಲಿ ಮುಗಿಸಿದರು. ಅಷ್ಟೇ ದೂರದ ಬ್ರೆಸ್ಟ್‌ಸ್ಟ್ರೋಕ್‌ಗೆ ಬ್ರಿಟನ್ನಿನ ಆಡಂ ಪೀಟಿ 2019ರಲ್ಲಿ ತೆಗೆದುಕೊಂಡಿದ್ದು 56.88 ಸೆಕೆಂಡು. ಹತ್ತು ಸೆಕೆಂಡಿಗೂ ಜಾಸ್ತಿ ಅಂತರ! ಪೀಟಿಯವರಂಥ ಬಲಶಾಲಿಗೂ ಹೀಗೇಕೆ?

ಫ್ರೀಸ್ಟೈಲ್‌ನಲ್ಲಿ ಕೈ ಗಾಳಿಯಲ್ಲಿ ಮುಂದಕ್ಕೆ ಬರುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈಕಾಲು ಎರಡೂ ನೀರನ್ನು ಸೀಳಿಕೊಂಡೇ ಮುಂದೆ ಬರಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಮೇಲಾಗಿ ವೇಗ ಎರಡು ಪಟ್ಟಾದರೆ ನೀರಿನ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಒಮ್ಮೆ ನುಗ್ಗಿ, ಒಮ್ಮೆ ನಿಂತು ಈಜುವವರಿಗೆ, ಅದೇ ಸರಾಸರಿ ವೇಗದಲ್ಲಿ ಒಂದೇ ಸಮನೆ ಸಾಗುವವರಿಗಿಂತ ದಣಿವು ಜಾಸ್ತಿ.

ವೇಗ ಸೋರುವುದು ಕಾಲು ಮಡಚುವಾಗ. ಕೆಲವರಲ್ಲಿ ಆಗ ವೇಗ ಬಹುತೇಕ ಸೊನ್ನೆಗೇ ಇಳಿಯುತ್ತದೆ. ಮೊಣಕಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡರೆ ತೊಡೆಗಳು ನೀರಿಗೆ ಅಡ್ಡಗೋಡೆಯಾಗಿ ನಿಲ್ಲುತ್ತವೆ. ಒಳ್ಳೆಯ ಈಜುಗಾರರು ತೊಡೆಯನ್ನು ಅಷ್ಟು ಮುಂದಕ್ಕೆ ತರುವುದಿಲ್ಲ, ಹಿಮ್ಮಡಿಯನ್ನು ಕುಂಡಿಯ ಹತ್ತಿರಕ್ಕೆ ತರುತ್ತಾರೆ. ಆಮೇಲೆ ಪಾದಗಳು ಹೊರಕ್ಕೆ ತಿರುಗುತ್ತವೆ, ಬೆರಳುಗಳು ಮೊಣಕಾಲಿನ ಕಡೆಗೆ ಎಳೆದುಕೊಳ್ಳುತ್ತವೆ. ಈಗ ಪಾದದ ಒಳಬದಿ ಮತ್ತು ಕಾಲಿನ ಒಳಭಾಗ ನೀರನ್ನು ಹಿಂದಕ್ಕೆ ತಳ್ಳಲು ಸಿದ್ಧ. ಬೆರಳು ಚಾಚಿಕೊಂಡೇ ಒದ್ದರೆ ನೀರು ಸುಮ್ನೆ ಜಾರಿಹೋಗುತ್ತದೆ. ಮೊಣಕಾಲನ್ನು ಹೀಗೆ ತಿರುಚಿ ಒದೆಯುವುದರಿಂದ ಅದರ ಒಳಬದಿಯ ಅಸ್ಥಿರಜ್ಜುವಿಗೆ (ಎಲುಬುಗಳನ್ನು ಜೋಡಿಸುವ ಲಿಗಮೆಂಟ್) ಒತ್ತಡ ಬೀಳುತ್ತದೆ. ಅಲ್ಲಿ ನೋವು ಕಾಣಿಸಿಕೊಂಡರೆ ಕಿಕ್ ನಿಲ್ಲಿಸಿ ಒದೆಯುವ ರೀತಿ ಸರಿಪಡಿಸಿಕೊಳ್ಳಲೇಬೇಕು.

ಇನ್ನು ಟೈಮಿಂಗ್. ನನ್ನ ಮಟ್ಟಿಗೆ ಈ ಶೈಲಿಯ ಜೀವಾಳವೇ ಇದು. ಕೈ ಹೊರಕ್ಕೆ ಹರಡುವಾಗ ಕಾಲು ನೇರ. ಕೈ ಒಳಕ್ಕೆ ಸೇರುವಾಗ ಭುಜ ತಾನಾಗಿ ಮೇಲೇಳುತ್ತದೆ, ಉಸಿರು ಅಲ್ಲೇ ತೆಗೆದುಕೊಳ್ಳಬೇಕು. ಕೈ ಮುಂದಕ್ಕೆ ಚಿಮ್ಮುವಾಗ ಹಿಮ್ಮಡಿ ಮೇಲಕ್ಕೆ. ತೋಳು ಬಹುತೇಕ ಚಾಚಿ, ತಲೆ ನೀರಿಗಿಳಿದ ಮೇಲೆ ಕಿಕ್. ಹೊಸಬರು ಸಾಮಾನ್ಯವಾಗಿ ಕೈ ಎದೆಯ ಬಳಿ ಇರುವಾಗಲೇ ಒದ್ದುಬಿಡುತ್ತಾರೆ. ಆಗ ಆ ಬಲವೆಲ್ಲ ಅವರದ್ದೇ ಎದೆ, ಮೊಣಕೈಗಳ ತಡೆ ಮೀರುವುದಕ್ಕೆ ಖರ್ಚಾಗುತ್ತದೆ.

ಗ್ಲೈಡ್, ಅಂದರೆ ಕಿಕ್ ಆದ ಮೇಲೆ ಮೈ ಚಾಚಿ ತೇಲುತ್ತಾ ಸಾಗುವುದು, ಎಷ್ಟು ಹೊತ್ತು ಅಂದರೆ, ವೇಗ ಬೀಳುವ ತನಕ ಮಾತ್ರ. 'ಉದ್ದಕ್ಕೆ ತೇಲಿ' ಎಂಬ ಸಲಹೆಯನ್ನು ಎಲ್ಲರಿಗೂ ಒಂದೇ ರೀತಿ ಕೊಡುವುದನ್ನು ನಾನು ಒಪ್ಪುವುದಿಲ್ಲ. 200 ಮೀಟರ್‌ನಲ್ಲಿ ಅದು ಸರಿ. 50 ಮೀಟರ್ ಸ್ಪರ್ಧೆಯಲ್ಲಿ ಬಿದ್ದ ವೇಗವನ್ನು ಮತ್ತೆ ಏರಿಸುವುದೇ ದುಬಾರಿ, ಅದಕ್ಕೇ ಅಲ್ಲಿ ಮುಂದಿನ ಪುಲ್ (ಕೈಯಿಂದ ನೀರನ್ನು ಎಳೆಯುವುದು) ಬೇಗ ಶುರುವಾಗುತ್ತದೆ.

ನೀರಿನ ಮೇಲ್ಮೈ ಇನ್ನೊಂದು ತೊಡಕು. ಅಲ್ಲಿ ದೇಹ ಎಬ್ಬಿಸುವ ಅಲೆಗಳೇ ಶಕ್ತಿಯನ್ನು ತಿನ್ನುತ್ತವೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕಾವಾ 200 ಮೀಟರ್‌ನ ಬಹುಪಾಲನ್ನು ನೀರಿನಡಿಯಲ್ಲೇ ಈಜಿ ಚಿನ್ನ ಗೆದ್ದರು. ಆಮೇಲೆ ನಿಯಮ ಬದಲಾಯಿತು. ಈಗ ಪ್ರತಿ ಸ್ಟ್ರೋಕ್‌ನಲ್ಲೂ ತಲೆ ನೀರಿನ ಮೇಲೆ ಕಾಣಲೇಬೇಕು. ಸ್ಟಾರ್ಟ್ ಮತ್ತು ಟರ್ನ್ ಆದ ಮೇಲೆ ಮಾತ್ರ, ನೀರಿನಡಿಯಲ್ಲಿ ಒಂದು ಉದ್ದನೆಯ ಪುಲ್‌ಗೆ ಅವಕಾಶ ಉಂಟು.