ಬೇಗ ಬರೆಯಬೇಕು, ಬಹುಕಾಲ ಉಳಿಯಬೇಕು: ಆಕ್ಸೈಡ್ ತೆಳುಪದರದಲ್ಲಿ ಅಯಾನುಗಳ ಓಡಾಟ

ಹಾಸನದಲ್ಲಿ ನನ್ನ ಜೊತೆ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಮೆಮ್ರಿಸ್ಟರ್ ಎಂದರೆ ತನ್ನಲ್ಲಿ ಹರಿದ ವಿದ್ಯುತ್ತಿನ ಗುರುತನ್ನು ರೋಧದ ರೂಪದಲ್ಲಿ ಉಳಿಸಿಕೊಳ್ಳುವ ಸಾಧನ. 1971ರಲ್ಲಿ ಲಿಯಾನ್ ಚುವಾ ಅದನ್ನು ಗಣಿತದಲ್ಲಿ ಕಂಡರು. 2008ರಲ್ಲಿ ಎಚ್‌ಪಿ ಪ್ರಯೋಗಾಲಯದವರು ಟೈಟಾನಿಯಂ ಡೈಆಕ್ಸೈಡ್ ಪದರದಲ್ಲಿ ತೋರಿಸಿದರು. ಇಷ್ಟು ಎಲ್ಲರಿಗೂ ಗೊತ್ತು. ಆ ಗುರುತು ಅಳಿಸದೆ ಉಳಿಯುವುದು ಹೇಗೆ ಎಂಬಲ್ಲಿ ನಿಜವಾದ ಭೌತಶಾಸ್ತ್ರವಿದೆ.

ಆಕ್ಸೈಡ್ ಹರಳಿನಿಂದ ಒಂದು ಆಮ್ಲಜನಕ ಹೊರಬಿದ್ದರೆ, ಆ ಖಾಲಿ ಸ್ಥಾನ ಸುತ್ತಲಿನ ಹರಳಿಗೆ ಹೋಲಿಸಿದರೆ +2 ಆವೇಶದಂತೆ ವರ್ತಿಸುತ್ತದೆ. ಸಕಲೇಶಪುರದ ಬಸ್ಸಿನಲ್ಲಿ ಮುಂದಿನ ಸೀಟು ತೆರವಾದಾಗ ಹಿಂದಿನವರು ಒಬ್ಬೊಬ್ಬರಾಗಿ ಮುಂದಕ್ಕೆ ಸರಿದರೆ ಖಾಲಿ ಸೀಟು ಹಿಂದಕ್ಕೆ ಹೋಗುತ್ತದಲ್ಲ, ಹಾಗೆಯೇ ಆಮ್ಲಜನಕ ಒಂದು ಕಡೆ ಜಿಗಿದರೆ ಖಾಲಿ ಸ್ಥಾನ ಇನ್ನೊಂದು ಕಡೆ ಸರಿಯುತ್ತದೆ. ಖಾಲಿ ಸ್ಥಾನಗಳು ಒಂದೆಡೆ ಸೇರಿದರೆ ರೋಧ ಇಳಿಯುತ್ತದೆ, ಚದುರಿದರೆ ಏರುತ್ತದೆ. ಸಿನಾಪ್ಸಿನ (ಎರಡು ನರಕೋಶಗಳ ನಡುವಿನ ಸಂಧಿ) ಬಲದಂತೆ ರೋಧವನ್ನು ಸ್ವಲ್ಪಸ್ವಲ್ಪವೇ ತಿದ್ದಬಹುದು ಎಂಬುದೇ ಮಿದುಳಿನ ಮಾದರಿಯ ಎಲೆಕ್ಟ್ರಾನಿಕ್ಸ್‌ಗೆ ಆಧಾರ.

ತೊಡಕು ಇಲ್ಲಿದೆ. ಬರಹ, ಅಂದರೆ ರೋಧವನ್ನು ಬದಲಿಸುವ ಕೆಲಸ, 100 ನ್ಯಾನೋಸೆಕೆಂಡಿನಲ್ಲಿ ಮುಗಿಯಬೇಕು, ಹತ್ತು ವರ್ಷ ಉಳಿಯಬೇಕು. ಎರಡರ ನಡುವೆ ಸುಮಾರು 3×10¹⁵ ಪಟ್ಟು ಅಂತರ! ವೋಲ್ಟೇಜ್ ಒಂದರಿಂದಲೇ ಇದು ಸಾಧ್ಯವೇ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಪದರದ ದಪ್ಪ 10 ನ್ಯಾನೋಮೀಟರ್, ವೋಲ್ಟೇಜ್ 1 ವೋಲ್ಟ್ ಇರಲಿ. ಕ್ಷೇತ್ರ ಪ್ರತಿ ಮೀಟರಿಗೆ 10⁸ ವೋಲ್ಟ್. ಜಿಗಿತದ ದೂರ 0.3 ನ್ಯಾನೋಮೀಟರ್ ಎಂದುಕೊಂಡರೆ ತಡೆಗೋಡೆ (ಜಿಗಿಯಲು ದಾಟಬೇಕಾದ ಶಕ್ತಿಯ ದಿಬ್ಬ) ತಗ್ಗುವುದು, +2 ಆವೇಶ ಮತ್ತು ಅರ್ಧ ಜಿಗಿತದ ಲೆಕ್ಕದಲ್ಲಿ, ಬರೀ 0.03 ಎಲೆಕ್ಟ್ರಾನ್ ವೋಲ್ಟ್, ಅಂದರೆ ಕೋಣೆಯ ಉಷ್ಣಶಕ್ತಿಯಾದ 0.026ಕ್ಕಿಂತ ಚೂರು ಹೆಚ್ಚು. 5 ವೋಲ್ಟ್ ಕೊಟ್ಟರೂ ವೇಗ, ವೋಲ್ಟೇಜ್ ಇಲ್ಲದಾಗಿನದಕ್ಕಿಂತ, ಮುನ್ನೂರು ಪಟ್ಟಿನ ಆಸುಪಾಸು ಹೆಚ್ಚುತ್ತದೆ, ಅಷ್ಟೆ.

ಉಳಿದ ಕೆಲಸದ ಬಹುಪಾಲು ಬಿಸಿಯದ್ದು. ಸಣ್ಣ ಜಾಗದಲ್ಲಿ ನುಗ್ಗುವ ವಿದ್ಯುತ್ ಪದರವನ್ನು ಒಳಗಿನಿಂದಲೇ ಕಾಯಿಸುತ್ತದೆ. ತಡೆಗೋಡೆ 1 ಎಲೆಕ್ಟ್ರಾನ್ ವೋಲ್ಟ್ ಇದ್ದು, ತಾಪಮಾನ 300ರಿಂದ 600 ಕೆಲ್ವಿನ್‌ಗೆ ಏರಿದರೆ ಜಿಗಿತದ ದರ ಸುಮಾರು 25 ಕೋಟಿ ಪಟ್ಟು ಹೆಚ್ಚುತ್ತದೆ. ವಿದ್ಯುತ್ ನಿಂತೊಡನೆ ಪದರ ತಣಿಯುತ್ತದೆ, ಖಾಲಿ ಸ್ಥಾನಗಳು ಇದ್ದಲ್ಲೇ ಸಿಕ್ಕಿಬೀಳುತ್ತವೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ.

ಈ ಓಡಾಟ ಕಣ್ಣಿಗೂ ಬೀಳುತ್ತದೆ. ಕಬ್ಬಿಣ ಬೆರೆಸಿದ ಸ್ಟ್ರಾಂಷಿಯಂ ಟೈಟನೇಟ್ ಹರಳನ್ನು ಬಿಸಿಮಾಡಿ ಏಕಮುಖ ವೋಲ್ಟೇಜ್ ಕೊಟ್ಟರೆ ಖಾಲಿ ಸ್ಥಾನಗಳು ಕ್ಯಾಥೋಡ್ ಕಡೆಗೆ ಹೋಗುತ್ತವೆ. ಆನೋಡ್ ಬದಿ ಕಡು ಕಂದಾಗುತ್ತದೆ, ಕ್ಯಾಥೋಡ್ ಬದಿ ತಿಳಿಯಾಗುತ್ತದೆ. ಬಣ್ಣದ ಗಡಿ ಸರಿಯುವುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ. ನ್ಯಾನೋ ಪದರಗಳಿಗೆ ಮಾತ್ರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ಇಲ್ಲವೇ ಆಮ್ಲಜನಕ-18 ಸಮಸ್ಥಾನಿಯನ್ನು ಬಳಸಿ ಜಾಡು ಹಿಡಿಯಬೇಕು.

ಕೊನೆಯದಾಗಿ, ತಡೆಗೋಡೆಯನ್ನು 1ರಿಂದ 0.6 ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಸಿ ಕೋಣೆಯ ತಾಪಮಾನದಲ್ಲಿ ಇದೇ ಲೆಕ್ಕವನ್ನು ಮಾಡಿ ನೋಡಿ. ಹತ್ತು ವರ್ಷದ ನೆನಪು ಒಂದು ನಿಮಿಷದಷ್ಟಕ್ಕೆ ಇಳಿಯುತ್ತದೆ. ಸಂಗ್ರಹಕ್ಕೆ ಅದು ಕೆಲಸಕ್ಕೆ ಬಾರದು. ಆದರೆ ಸಿನಾಪ್ಸಿನ ಅಲ್ಪಾವಧಿ ನೆನಪನ್ನು ಅನುಕರಿಸಲು ಬೇಕಾಗಿರುವುದು ಇಂಥ ಮರೆಯುವ ಪದರವೇ.