ಪೆನ್‌ಡ್ರೈವ್ ಕಿತ್ತರೂ ಲಿನಕ್ಸ್ ಓಡತ್ತಾ? ಗುರುತೇ ಉಳಿಯಲ್ವಾ?

ಪ್ರಶ್ನೆ: ಸರ್, ಲೈವ್ ಪೆನ್‌ಡ್ರೈವ್‌ನಿಂದ ಡೆಬಿಯನ್ ಲಿನಕ್ಸ್ ಬೂಟ್ ಮಾಡಿದೀನಿ, ಅಂದ್ರೆ ಇನ್‌ಸ್ಟಾಲ್ ಮಾಡದೇ ನೇರ ಪೆನ್‌ಡ್ರೈವ್‌ನಿಂದಲೇ ಶುರು ಮಾಡಿದೀನಿ. ಅದು ಪೂರ್ತಿ ತಾತ್ಕಾಲಿಕ ಮೆಮೊರಿ ಅಂದ್ರೆ ರ‍್ಯಾಮ್‌ನಲ್ಲೇ ಓಡತ್ತೆ ಅಂತಾರಲ್ಲ, ಹಾಗಾದ್ರೆ ಪೆನ್‌ಡ್ರೈವ್ ತೆಗೆದುಬಿಟ್ರೂ ನಡೆಯತ್ತಾ? ಕಂಪ್ಯೂಟರ್‌ನಲ್ಲಿ ಏನೂ ಗುರುತು ಉಳಿಯಲ್ಲ ತಾನೇ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದೀನೋ ಲೆಕ್ಕ ಇಲ್ಲ, ಈ ಸಲ ಉದ್ದಕ್ಕೇ ಬರೆದಿಡ್ತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿಬಿಡಿ. ಮೊದಲ ಅರ್ಧಕ್ಕೆ ಉತ್ತರ: "ಟೋರ‍್ಯಾಮ್" ಅಂದ್ರೆ ಇಡೀ ಸಿಸ್ಟಮ್ ಮೊದಲೇ ರ‍್ಯಾಮ್‌ಗೆ ಕಾಪಿ ಮಾಡ್ಕೊಳ್ಳೋ ಆಯ್ಕೆ ಕೊಟ್ಟು ಬೂಟ್ ಮಾಡಿದ್ರೆ ತೆಗೀಬಹುದು, ಕೊಡದೇ ಇದ್ರೆ ತೆಗೀಬೇಡಿ. ಎರಡನೇ ಅರ್ಧಕ್ಕೆ ಉತ್ತರ: ಉಳಿಯತ್ತೆ.

ಬರೀ "ಲೈವ್" ಅಂದ ಮಾತ್ರಕ್ಕೆ ಎಲ್ಲಾ ರ‍್ಯಾಮ್‌ಗೆ ಬಂದು ಕೂತಿದೆ ಅಂತಲ್ಲ. ಪೆನ್‌ಡ್ರೈವ್‌ನಲ್ಲಿ ಸ್ಕ್ವಾಶ್‌ಎಫ್‌ಎಸ್ ಅಂತ ಒಂದು ದೊಡ್ಡ ಫೈಲ್ ಇರತ್ತೆ, ಇಡೀ ಸಿಸ್ಟಮ್ ಅದರೊಳಗೆ ಒತ್ತಿ ತುಂಬಿರತ್ತೆ, ಅದನ್ನ ಓದೋಕಷ್ಟೇ ಆಗೋದು, ಅದಕ್ಕೆ ಬರೆಯೋಕಾಗಲ್ಲ. ಅದರ ಮೇಲೆ ರ‍್ಯಾಮ್‌ನಲ್ಲಿ ಒಂದು ಖಾಲಿ ಪದರ ಹಾಸಿರ್ತಾರೆ, ನಾವು ಮಾಡೋ ಬದಲಾವಣೆ ಎಲ್ಲಾ ಆ ಪದರಕ್ಕೆ ಹೋಗತ್ತೆ. ಸ್ಕೂಲಲ್ಲಿ ಅಟ್ಲಾಸ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ನದಿ ಗೀಚ್ತಿದ್ವಲ್ಲ, ಅದೇ. ಪೇಪರ್ ಎಸೆದ್ರೆ ಗೀಚಿದ್ದು ಹೋಯ್ತು, ಅಟ್ಲಾಸ್ ಹಾಗೇ ಇರತ್ತೆ. ಈ ಜೋಡಣೆ ಮಾಡೋ ಓವರ್‌ಲೇಎಫ್‌ಎಸ್ 2014ರಲ್ಲಿ ಬಂದ 3.18 ಕರ್ನಲ್‌ನಿಂದ (ಕರ್ನಲ್ ಅಂದ್ರೆ ಲಿನಕ್ಸ್‌ನ ತಿರುಳು) ಲಿನಕ್ಸ್‌ನೊಳಗೇ ಇದೆ.

ಈಗ ಟೋರ‍್ಯಾಮ್ ಕೊಡದೇ ಪೆನ್‌ಡ್ರೈವ್ ಕಿತ್ರಿ ಅಂದ್ಕೊಳ್ಳಿ. ಮೌಸ್ ಓಡಾಡತ್ತೆ, ತೆರೆದಿದ್ದ ಬ್ರೌಸರೂ ಸ್ವಲ್ಪ ಹೊತ್ತು ನಡೆಯತ್ತೆ, ಯಾಕಂದ್ರೆ ಆಗಲೇ ಓದಿದ ಭಾಗಗಳನ್ನ ಕರ್ನಲ್ ಮೆಮೊರಿಯಲ್ಲಿ ಇಟ್ಕೊಂಡಿರತ್ತೆ, ಇದನ್ನ ನೋಡೇ ಜನ "ನೋಡಿ, ನಾನು ತೆಗೆದೆ, ಏನೂ ಆಗಲಿಲ್ಲ" ಅಂತ ವಾದಕ್ಕೆ ಬರೋದು. ಇದುವರೆಗೂ ತೆರೆಯದೇ ಇದ್ದ ಒಂದು ಪ್ರೋಗ್ರಾಂ ತೆರೆದು ನೋಡಿ. ಅಟ್ಲಾಸೇ ಇಲ್ಲ, ಎಲ್ಲಿಂದ ಓದತ್ತೆ? ಅಲ್ಲೇ ನಿಂತುಬಿಡತ್ತೆ.

ಟೋರ‍್ಯಾಮ್ ಕೊಡೋದು ಸುಲಭ. ಬೂಟ್ ಮೆನು ಬಂದಾಗ, ಅದು ಗ್ರಬ್ ಅನ್ನೋ ಪ್ರೋಗ್ರಾಂನ ಮೆನು ಆಗಿದ್ರೆ ಇಂಗ್ಲಿಷ್ "ಇ" ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ "ಟು" ಮತ್ತು "ರ‍್ಯಾಮ್" ಎರಡನ್ನೂ ಇಂಗ್ಲಿಷ್ ಚಿಕ್ಕಕ್ಷರದಲ್ಲಿ, ನಡುವೆ ಜಾಗ ಬಿಡದೆ (toram) ಟೈಪ್ ಮಾಡಿ ಎಫ್10 ಒತ್ತಿ. ಯುಎಸ್‌ಬಿ 2 ಪೋರ್ಟ್ ಆದ್ರೆ ಕಾಪಿ ಆಗೋಕೆ ಒಂದೆರಡು ನಿಮಿಷ ಹಿಡಿಯತ್ತೆ. ಆದ್ರೆ ಗ್ನೋಮ್ ಡೆಸ್ಕ್‌ಟಾಪ್ ಇರೋ ಡೆಬಿಯನ್ ಲೈವ್ ಇಮೇಜೇ (ಪೆನ್‌ಡ್ರೈವ್‌ಗೆ ಹಾಕೋ ಇಡೀ ಫೈಲ್) 3 ಜಿಬಿ ಮೇಲಿದೆ, 4 ಜಿಬಿ ರ‍್ಯಾಮ್ ಇರೋ ಹಳೇ ಲ್ಯಾಪ್‌ಟಾಪ್‌ಗೆ ಅದು ಆಗೋ ಕೆಲಸ ಅಲ್ಲ, ಮೆಮೊರಿ ಸಾಲಲ್ಲ ಅಂತ ಒಂದು ಸಾಲು ಸ್ಕ್ರೀನ್ ಮೇಲೆ ಬಂದು ಹೋಗತ್ತೆ, ಆಮೇಲೆ ಪೆನ್‌ಡ್ರೈವ್‌ನಿಂದಲೇ ಮಾಮೂಲಿಯಾಗಿ ಬೂಟ್ ಆಗತ್ತೆ. ಆ ಸಾಲು ತಪ್ಪಿಸ್ಕೊಂಡವರು ರ‍್ಯಾಮ್‌ನಲ್ಲೇ ಇದೀನಿ ಅಂತ ನಂಬಿ ಪೆನ್‌ಡ್ರೈವ್ ಕೀಳ್ತಾರೆ. ಅನುಮಾನ ಇದ್ರೆ ಟರ್ಮಿನಲ್‌ನಲ್ಲಿ "ಫ್ರೀ" (free) ಕಮಾಂಡ್ ಕೊಟ್ಟು ಶೇರ್ಡ್ (shared) ಅನ್ನೋ ಕಾಲಂ ನೋಡಿ, ಇಮೇಜಿನಷ್ಟು ದೊಡ್ಡ ಸಂಖ್ಯೆ ಅಲ್ಲಿ ಕಂಡ್ರೆ ನಿಜವಾಗ್ಲೂ ಮೆಮೊರಿಗೆ ಬಂದಿದೆ.

ಈಗ ಬರ್ತೀನಿ ಎಷ್ಟು ಹೇಳಿದ್ರೂ ಹೋಗದೇ ಇರೋ ಆ ನಂಬಿಕೆಗೆ. "ರ‍್ಯಾಮ್‌ನಲ್ಲಿ ಓಡಿಸಿದ್ರೆ ಏನೂ ಗುರುತು ಉಳಿಯಲ್ಲ."

ನನಗೆ ಗೊತ್ತಿರೋ ಒಬ್ಬ ಹುಡುಗ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಹೊತ್ತು ಟೋರ‍್ಯಾಮ್ ಹಾಕಿ ಲಿನಕ್ಸ್ ಓಡಿಸ್ತಿದ್ದ, ಹಾರ್ಡ್ ಡಿಸ್ಕ್ ಮುಟ್ಟೇ ಇಲ್ಲ. ಬೆಳಗ್ಗೆ ಅಣ್ಣ ವಿಂಡೋಸ್ ತೆರೆದ್ರೆ ಗಡಿಯಾರ ಐದೂವರೆ ಗಂಟೆ ಹಿಂದಿದೆ. ವೈರಸ್ ಬಂತು ಅಂತ ಮನೇಲಿ ಗಲಾಟೆ, ನನಗೆ ಫೋನು. ವೈರಸ್ಸೂ ಇಲ್ಲ ಏನೂ ಇಲ್ಲ. ಮದರ್‌ಬೋರ್ಡ್ ಮೇಲೆ ಬ್ಯಾಟರಿಯಲ್ಲಿ ಓಡೋ ಒಂದು ಗಡಿಯಾರ ಇದೆಯಲ್ಲ, ಲಿನಕ್ಸ್ ನೆಟ್‌ನಿಂದ ಸಮಯ ತಗೊಂಡು ಆ ಗಡಿಯಾರಕ್ಕೆ ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿ ಬರೀತು, ವಿಂಡೋಸ್ ಅದನ್ನ ನಮ್ಮ ಸ್ಥಳೀಯ ಸಮಯ ಅಂತ ಓದ್ತು. ನಮಗೂ ಯುಟಿಸಿಗೂ ಇರೋ ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ. ಮೆಮೊರಿಯಲ್ಲಷ್ಟೇ ಓಡಿದ ಸಿಸ್ಟಮ್, ಒಂದು ಫೈಲೂ ಉಳಿಸಿಲ್ಲ, ಆದ್ರೂ ಗುರುತು ಸ್ಕ್ರೀನ್‌ನ ಮೂಲೆಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಕೂತಿತ್ತು.

ಅದೊಂದೇ ಅಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಒಳಗಿನ ಡಿಸ್ಕ್ ಕಾಣತ್ತೆ, ಒಂದು ಕ್ಲಿಕ್ ಮಾಡಿದ್ರೆ ಮೌಂಟ್ ಆಗತ್ತೆ, ಅಂದ್ರೆ ಬಳಸೋಕೆ ತೆರೆದುಕೊಳ್ಳತ್ತೆ, ಆಮೇಲೆ ಅಲ್ಲಿ ಉಳಿಸಿದ್ದು ಅಲ್ಲೇ ಇರತ್ತೆ, ರ‍್ಯಾಮ್‌ಗೂ ಅದಕ್ಕೂ ಸಂಬಂಧನೇ ಇಲ್ಲ. "ನಾನು ಓದೋಕೆ ಮಾತ್ರ ಮೌಂಟ್ ಮಾಡಿದ್ದು" ಅನ್ನೋರಿಗೂ ಒಂದು ಮಾತು. ಸರಿಯಾಗಿ ಶಟ್‌ಡೌನ್ ಆಗದೇ ಇದ್ದ ಇಎಕ್ಸ್‌ಟಿ4 (ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡೋ ಒಂದು ವಿಧಾನ) ಪಾರ್ಟಿಷನ್ ಆದ್ರೆ, ರೀಡ್ ಓನ್ಲಿ ಅಂತ ಕೊಟ್ರೂ ಅದು ತನ್ನ ಜರ್ನಲ್‌ನಲ್ಲಿ, ಅಂದ್ರೆ ಮಾಡಬೇಕಾದ ಬದಲಾವಣೆಗಳ ಟಿಪ್ಪಣಿಯಲ್ಲಿ, ಬಾಕಿ ಇದ್ದದ್ದನ್ನ ಡಿಸ್ಕ್‌ಗೆ ಬರೆದೇ ಬರೆಯತ್ತೆ. ಫೊರೆನ್ಸಿಕ್ ಕೆಲಸ ಮಾಡೋರು ಡಿಸ್ಕ್‌ಗೂ ಕಂಪ್ಯೂಟರ್‌ಗೂ ನಡುವೆ ಬರವಣಿಗೆ ತಡೆಯೋ ಸಾಧನ ಇಡೋದು ಸುಮ್ನೆ ಅಲ್ಲ. ಇನ್ನು ಸ್ವಾಪ್, ಅಂದ್ರೆ ಮೆಮೊರಿ ಸಾಲದಾಗ ಬಳಸೋಕೆ ಡಿಸ್ಕ್‌ನಲ್ಲಿ ಮೀಸಲಿಟ್ಟ ಜಾಗ. ಕೆಲವು ಲೈವ್ ಸಿಸ್ಟಮ್‌ಗಳು ಡಿಸ್ಕ್‌ನಲ್ಲಿ ಸ್ವಾಪ್ ಪಾರ್ಟಿಷನ್ ಕಂಡ್ರೆ ಕೇಳದೇನೇ ಬಳಸ್ಕೊಳ್ತವೆ, ಆಗ ಮೆಮೊರಿಯಲ್ಲಿದ್ದದ್ದೇ ಡಿಸ್ಕ್ ಮೇಲೆ ಬಂದು ಬೀಳತ್ತೆ. ನಾಪಿಕ್ಸ್ ಅನ್ನೋ ಲೈವ್ ಲಿನಕ್ಸ್‌ನಲ್ಲಿ "ನೋಸ್ವಾಪ್" ಅಂತ ಬೂಟ್ ಆಯ್ಕೆ ಇರೋದು ಅದಕ್ಕೇ.

ಕಂಪ್ಯೂಟರ್ ಆಚೆಗೆ ಬನ್ನಿ. ಮನೆಯ ರೂಟರ್ ನಿಮ್ಮ ಮಷೀನ್‌ಗೆ ಐಪಿ ಕೊಟ್ಟಿದ್ದನ್ನ ಬರೆದಿಟ್ಕೊಂಡಿರತ್ತೆ, ನೀವು ಹೋದ ವೆಬ್‌ಸೈಟ್‌ನ ಸರ್ವರ್ ಬರೆದಿಟ್ಕೊಂಡಿರತ್ತೆ, ಇಂಟರ್ನೆಟ್ ಕೊಡೋರ ಹತ್ರಾನೂ ಇರತ್ತೆ. ನಿಮ್ಮ ರ‍್ಯಾಮ್ ಖಾಲಿ ಆಯ್ತು ಅಂತ ಅವರ ಡಿಸ್ಕ್ ಖಾಲಿ ಆಗತ್ತಾ?

ಆ ರ‍್ಯಾಮ್ ಕೂಡ ಕರೆಂಟ್ ಹೋದ ಕ್ಷಣಕ್ಕೆ ಖಾಲಿ ಆಗಲ್ಲ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜೊತೆಗಾರರ ಸಂಗಡ ಇದನ್ನ ಮಾಡಿ ತೋರಿಸಿದ್ರು. ಧೂಳು ಊದೋ ಕ್ಯಾನ್ ತಲೆಕೆಳಗು ಮಾಡಿ ಮೆಮೊರಿ ಚಿಪ್‌ಗಳನ್ನ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗೆ ಮಾಡಿದ್ರೆ, ಪವರ್ ತೆಗೆದು 10 ನಿಮಿಷ ಆದ್ಮೇಲೂ ಅಳಿಸಿಹೋಗಿದ್ದು ಶೇಕಡಾ 1ಕ್ಕಿಂತ ಕಡಿಮೆ ಬಿಟ್‌ಗಳು. ಡಿಸ್ಕ್ ಎನ್‌ಕ್ರಿಪ್ಷನ್ ಕೀಲಿಗಳನ್ನೇ ಹಾಗೆ ಎತ್ತಿದ್ರು. ನಿಮ್ಮ ಮನೆಗೆ ಯಾರೂ ಹಾಗೆ ಕ್ಯಾನ್ ಹಿಡ್ಕೊಂಡು ಬರಲ್ಲ, ಅದು ನನಗೂ ಗೊತ್ತು, ಆದ್ರೆ "ಪವರ್ ಆಫ್ ಅಂದ್ರೆ ತಕ್ಷಣ ಎಲ್ಲಾ ಮಾಯ" ಅನ್ನೋದು ಭೌತಶಾಸ್ತ್ರದ ಪ್ರಕಾರವೇ ತಪ್ಪು, ತಪ್ಪನ್ನ ತಪ್ಪು ಅಂತಲೇ ಹೇಳ್ಬೇಕು.

ಗುರುತು ಉಳಿಯಬಾರದು ಅಂತಲೇ ಕಟ್ಟಿದ ಸಿಸ್ಟಮ್ ಒಂದಿದೆ, ಟೇಲ್ಸ್, 2009ರಿಂದ ಇದೆ. ಅದು ನೆಟ್ ಎಲ್ಲಾ ಟಾರ್ (ಬಳಸೋರು ಯಾರು ಅಂತ ಮರೆಮಾಡೋ ಜಾಲ) ಮೂಲಕವೇ ಕಳಿಸತ್ತೆ, ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಬದಲಿಸತ್ತೆ, ಶಟ್‌ಡೌನ್ ಆಗ್ತಾ ಮೆಮೊರಿ ಅಳಿಸತ್ತೆ. ಬರೀ ರ‍್ಯಾಮ್‌ನಲ್ಲಿ ಓಡಿದ್ರೆ ಸಾಕಿತ್ತು ಅಂದ್ರೆ ಇಷ್ಟೆಲ್ಲಾ ಯಾಕೆ ಮಾಡ್ತಿದ್ರು? ಅವರೂ ಕೂಡ ಟೇಲ್ಸ್ ಯಾವುದರಿಂದ ಕಾಪಾಡಲ್ಲ ಅಂತ ಎಚ್ಚರಿಕೆಯ ಪುಟವನ್ನೇ ಬರೆದಿಟ್ಟಿದಾರೆ, ಓದಿ.

ಹಾಗಾದ್ರೆ ರ‍್ಯಾಮ್‌ನಲ್ಲಿ ಓಡಿಸೋದ್ರಿಂದ ಉಪಯೋಗ ಏನು ಅಂತ ಯಾರೂ ಕೇಳಲ್ಲ, ನನಗೆ ಹೇಳೋಕೆ ಇಷ್ಟ ಇರೋದೇ ಅದು. ಕರೆಂಟ್! ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಹೋಗಿ ಬರತ್ತೆ ಅಂತ ನಿಮಗೇ ಗೊತ್ತು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಹಾಕಿ ತೋಟದ ಮೋಟರ್‌ಗೋ ಶಾಲೆಯ ನೋಟಿಸ್ ಸ್ಕ್ರೀನ್‌ಗೋ ಬಿಟ್ಟಿರ್ತೀರಿ, ಎಸ್‌ಡಿ ಕಾರ್ಡ್‌ಗೆ ಏನೋ ಬರೀತಾ ಇರೋವಾಗ ಕರೆಂಟ್ ಹೋಗತ್ತೆ, ಮತ್ತೆ ಬಂದಾಗ ಬೂಟೇ ಆಗಲ್ಲ, ನೀವು ಕಾರ್ಡೇ ಕಳಪೆ ಅಂತ ಹೊಸದು ತರ್ತೀರಿ. ಮೇಲೆ ಹೇಳಿದ ಟ್ರೇಸಿಂಗ್ ಪೇಪರನ್ನೇ ಇಲ್ಲಿ ಹಾಸಿ. ಪೈನ ಸೆಟ್ಟಿಂಗ್ ಪ್ರೋಗ್ರಾಂ ರಾಸ್ಪಿ ಕಾನ್ಫಿಗ್ ತೆರೆದು ಪರ್ಫಾರ್ಮೆನ್ಸ್ ಆಪ್ಷನ್ಸ್ ಒಳಗೆ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಬೂಟ್ ಪಾರ್ಟಿಷನ್ ಬರವಣಿಗೆ ತಡೀಬೇಕಾ ಅಂತ ಕೇಳತ್ತೆ, ಹೂಂ ಅನ್ನಿ. ಅಲ್ಲಿಂದಾಚೆಗೆ ಬದಲಾವಣೆ ಎಲ್ಲಾ ರ‍್ಯಾಮ್‌ಗೆ, ಕಾರ್ಡ್‌ಗೆ ಏನೂ ಬರೆಯಲ್ಲ. ದಿನಕ್ಕೆ ಹತ್ತು ಸಲ ಕರೆಂಟ್ ಹೋದ್ರೂ ಹತ್ತು ಸಲವೂ ಮೊದಲ ದಿನದ ಸ್ಥಿತಿಗೇ ಎದ್ದು ಬರತ್ತೆ. ನಾನು ಹಾಕಿಕೊಟ್ಟ ಒಂದು ಪೈ ಎರಡು ಮಳೆಗಾಲ ಕಳೆದಿದೆ, ಇನ್ನೂ ಅದೇ ಕಾರ್ಡು.

ಅಪ್‌ಡೇಟ್ ಮಾಡೋ ದಿನ ಮಾತ್ರ ಮರೀಬೇಡಿ, ಮೊದಲು ಓವರ್‌ಲೇ ಆಫ್ ಮಾಡಿ ರೀಬೂಟ್ ಮಾಡಿ, ಅಪ್‌ಡೇಟ್ ಮುಗಿಸಿ, ಮತ್ತೆ ಆನ್ ಮಾಡಿ. ಇಲ್ಲಾಂದ್ರೆ ಮಾಡಿದ ಅಪ್‌ಡೇಟ್ ಅಷ್ಟೂ ಮುಂದಿನ ಸಲ ಕರೆಂಟ್ ಹೋದಾಗ ಹೋಗತ್ತೆ. ಮೋಟರ್ ಎಷ್ಟು ಹೊತ್ತು ಓಡ್ತು ಅನ್ನೋ ಲೆಕ್ಕ ಬೇಕಿದ್ರೆ ಅದಕ್ಕೆ ಬೇರೆ ಒಂದು ಪೆನ್‌ಡ್ರೈವ್ ಹಾಕಿ ಅಲ್ಲಿಗೆ ಬರೆಸಿ.