ಸ್ಪ್ಲಿಟ್ ಬರುತ್ತೆ, ಟೋ ಟಚ್ ಯಾಕೆ ಬರಲ್ಲ? ಚಿಯರ್‌ಲೀಡಿಂಗ್ ಜಿಗಿತದ ಅಧ್ಯಯನ ಟಿಪ್ಪಣಿ

ಮೊದಲು ಒಂದು ಪರೀಕ್ಷೆ. ನೆಲದ ಮೇಲೆ ಕೂತು ಎರಡೂ ಕಾಲನ್ನು ಅಗಲಿಸಿ. ಮಂಡಿ ನೇರ, ಬೆನ್ನು ನೇರ. ಅಂಗೈಗಳನ್ನು ಮುಂದೆ ನೆಲಕ್ಕೆ ಊರಿ. ಈಗ ಹಿಂದಕ್ಕೆ ವಾಲದೆ ಎರಡೂ ಹಿಮ್ಮಡಿಗಳನ್ನು ಒಟ್ಟಿಗೆ ಮೇಲೆತ್ತಿ.

ನಾನು ಕೋಚಿಂಗ್ ಕಲಿಯುತ್ತಿದ್ದಾಗ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಸ್ಪ್ಲಿಟ್ ಅಂದರೆ ಕಾಲುಗಳನ್ನು ಪೂರ್ತಿ ಅಗಲಿಸಿ ನೆಲಕ್ಕೆ ಕೂರುವುದು. ಎಡ, ಬಲ, ನಡು, ಮೂರೂ ಸ್ಪ್ಲಿಟ್‌ನಲ್ಲಿ ಅವಳು ನೆಲಕ್ಕೆ ಅಂಟಿಕೊಂಡು ಕೂರುತ್ತಿದ್ದಳು. ಆದರೆ ಟೋ ಟಚ್, ಅಂದರೆ ಗಾಳಿಯಲ್ಲಿ ಎರಡೂ ಕಾಲನ್ನು ಅಗಲಿಸಿ ಮೇಲೆತ್ತುವ ಜಿಗಿತ, ಹಾರಿದರೆ ಕಾಲು ಸೊಂಟದ ಮಟ್ಟಕ್ಕೂ ಬರುತ್ತಿರಲಿಲ್ಲ. ‘ಇನ್ನೂ ಸ್ಟ್ರೆಚ್ ಮಾಡು’ ಅಂತ ಎಲ್ಲರೂ ಹೇಳುತ್ತಿದ್ದರು, ಅವಳೂ ಮಾಡುತ್ತಿದ್ದಳು. ಈ ಪರೀಕ್ಷೆ ಮಾಡಿಸಿದ ದಿನ ಅವಳ ಹಿಮ್ಮಡಿ ಮ್ಯಾಟ್‌ನಿಂದ ಒಂದು ಕಾಗದದಷ್ಟೂ ಏಳಲಿಲ್ಲ. ಬೆರಳುಗಳು ನಡುಗಿದವು, ತೊಡೆಯ ಮುಂಭಾಗ ಗಂಟು ಕಟ್ಟಿ ಹಿಡಿದುಕೊಂಡಿತು. ಅವಳಿಗೆ ಬಗ್ಗುವ ಮೈ ಇತ್ತು. ಆ ಮೈಯನ್ನು ತಾನೇ ಎತ್ತುವ ಬಲ ಇರಲಿಲ್ಲ. ಈ ಟಿಪ್ಪಣಿಯ ತಿರುಳೆಲ್ಲ ಅಷ್ಟೇ.

ನಮ್ಮಲ್ಲಿ ಚಿಯರ್‌ಲೀಡಿಂಗ್ ಅಂದರೆ 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಐಪಿಎಲ್ ಪಂದ್ಯದ ಗಡಿಗೆರೆಯಾಚೆ ನೋಡಿದ ಕುಣಿತವೇ ಜಾಸ್ತಿ ಜನಕ್ಕೆ ನೆನಪು. ಇಲ್ಲಿ ಹೇಳುತ್ತಿರುವುದು ಅಮೆರಿಕದ ಶಾಲೆ, ಕಾಲೇಜುಗಳ ಸ್ಪರ್ಧೆಯ ಚಿಯರ್ ಬಗ್ಗೆ. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನುವ ವಿದ್ಯಾರ್ಥಿ ಜನರಿಂದ ಘೋಷಣೆ ಕೂಗಿಸಿದ್ದರಿಂದ ಇದು ಶುರುವಾಯಿತು. 2021ರಲ್ಲಿ ಒಲಿಂಪಿಕ್ ಸಮಿತಿ ಇದರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಒಂದು ಕಾಲು ಪಕ್ಕಕ್ಕೆ ನೇರ, ಇನ್ನೊಂದು ಮಡಚಿರುವ ‘ಹರ್ಕಿ’ ಜಿಗಿತಕ್ಕೆ ಆ ಹೆಸರು ಬಂದದ್ದು ಲಾರೆನ್ಸ್ ಹರ್ಕಿಮರ್ ಅವರಿಂದ. 1948ರಲ್ಲಿ ರಾಷ್ಟ್ರೀಯ ಚಿಯರ್‌ಲೀಡರ್ಸ್ ಸಂಘ ಕಟ್ಟಿದವರೂ ಅವರೇ. ಪೈಕ್, ಹರ್ಡ್ಲರ್ ಅಂತ ಬೇರೆ ಜಿಗಿತಗಳೂ ಇವೆ. ನಾನು ಟೋ ಟಚ್ ಒಂದನ್ನೇ ಹಿಡಿದುಕೊಳ್ಳುತ್ತೇನೆ. ಅದು ಅರ್ಥವಾದರೆ ಉಳಿದವು ಸುಲಭ.

ಗಾಳಿಯಲ್ಲಿ ಎಷ್ಟು ಹೊತ್ತು?

ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಟೋ ಟಚ್‌ನಲ್ಲಿ ಬೆರಳು ಮುಟ್ಟಲು ಬಗ್ಗಬಾರದು. ಎದೆ ಎತ್ತಿಯೇ ಇರಬೇಕು, ಕಾಲೇ ಕೈ ಹತ್ತಿರ ಬರಬೇಕು.

ಈಗ ಲೆಕ್ಕ. ಒಬ್ಬಳು 30 ಸೆಂ.ಮೀ. ಎತ್ತರ ಹಾರಿದರೆ ಗಾಳಿಯಲ್ಲಿರುವುದು ಸುಮಾರು ಅರ್ಧ ಸೆಕೆಂಡ್. ಅದರಲ್ಲಿ ಮೇಲೇರಲು ಕಾಲು ಸೆಕೆಂಡ್, ಇಳಿಯಲು ಕಾಲು ಸೆಕೆಂಡ್. ಅಷ್ಟರಲ್ಲಿ ಕಾಲು ಮೇಲೆ ಹೋಗಿ, ಮತ್ತೆ ಕೂಡಿಕೊಂಡು ನೆಲ ಮುಟ್ಟಬೇಕು. ತಿಂಗಳುಗಟ್ಟಲೆ ಕಷ್ಟಪಟ್ಟು 40 ಸೆಂ.ಮೀ. ಹಾರಿದಳು ಅಂದುಕೊಳ್ಳಿ. ಸಿಗುವ ಹೊತ್ತು ಸುಮಾರು 0.57 ಸೆಕೆಂಡ್, ಅಂದರೆ 0.07 ಸೆಕೆಂಡ್ ಜಾಸ್ತಿ. ನನಗೆ ಈ ಲೆಕ್ಕ ಮಾಡಿದ ಮೇಲೆಯೇ ಕಣ್ಣು ತೆರೆದದ್ದು. ಎತ್ತರ ಬೇಕೇ ಬೇಕು. ಆದರೆ ಕಾಲು ಚಿಮ್ಮುವ ವೇಗ ಇಲ್ಲದಿದ್ದರೆ ಆ ಎತ್ತರ ಸುಮ್ನೆ ವ್ಯರ್ಥ.

ಸೊಂಟ ಹೊರಳಬೇಕು

ಎದ್ದು ನಿಂತು ಇದನ್ನೂ ಮಾಡಿ ನೋಡಿ. ಪಾದ, ಮಂಡಿ ಎರಡೂ ಮುಂದಕ್ಕೆ ಇರಲಿ. ಕಾಲನ್ನು ಪಕ್ಕಕ್ಕೆ ಎತ್ತಿ. ಸ್ವಲ್ಪ ದೂರಕ್ಕೇ ಏನೋ ತಡೆದಂತೆ ನಿಂತುಬಿಡುತ್ತದೆ, ಅಲ್ವಾ? ಈಗ ತೊಡೆಯನ್ನು ಬುಡದಿಂದಲೇ ಹೊರಕ್ಕೆ ತಿರುಗಿಸಿ, ಮಂಡಿಚಿಪ್ಪು ಮೇಲೆ ನೋಡುವಂತೆ ಮಾಡಿ ಎತ್ತಿ. ಇನ್ನೂ ಮೇಲೆ ಹೋಗುತ್ತದೆ. ಮೊದಲ ಸಲ ತೊಡೆಮೂಳೆಯ ಉಬ್ಬು ಸೊಂಟದ ಗುಳಿಯ ಅಂಚಿನ ಕಡೆಗೇ ಬಂದು ಜಾಗ ಇಲ್ಲದಂತೆ ಆಗುತ್ತದೆ. ತಿರುಗಿಸಿದರೆ ಅದು ಹಿಂದೆ ಸರಿದು ದಾರಿ ಬಿಡುತ್ತದೆ. ಭರತನಾಟ್ಯ ಕಲಿತವರಿಗೆ ಅರೆಮಂಡಿಯಿಂದ ಈ ತಿರುಗುವಿಕೆ ಚೆನ್ನಾಗಿ ಗೊತ್ತಿರುತ್ತದೆ. ಮಂಡಿ ಮುಂದಕ್ಕೇ ನೋಡುತ್ತಾ ಹಾರುವವರ ಕಾಲು ಎಷ್ಟು ಸ್ಟ್ರೆಚ್ ಮಾಡಿದರೂ ಏಳದಿರುವುದಕ್ಕೆ ಇದೂ ಒಂದು ಕಾರಣ.

ಸ್ಟ್ರೆಚ್‌ಗೆ ಕಾಲು ಅಗಲಿಸಿ ಕೂತು ಮುಂದಕ್ಕೆ ಬಗ್ಗುವ ನಮ್ಮ ಉಪವಿಷ್ಟ ಕೋಣಾಸನವೇ ಸಾಕು. ಬಗ್ಗುವುದು ಸೊಂಟದಿಂದ, ಬೆನ್ನು ಗೂನು ಮಾಡಿ ಅಲ್ಲ. ತಡೆ ಸಿಕ್ಕ ಕಡೆ ನಿಂತು, ಹಿಮ್ಮಡಿಯನ್ನು 5-6 ಸೆಕೆಂಡ್ ನೆಲಕ್ಕೆ ಒತ್ತಿ. ಬಿಟ್ಟು, ಉಸಿರು ಹೊರಹಾಕುತ್ತಾ ಇನ್ನೊಂದಿಷ್ಟು ಬಗ್ಗಿ 20-30 ಸೆಕೆಂಡ್ ಇರಿ. ಎರಡು ಮೂರು ಸಲ ಸಾಕು. ಇದನ್ನು ಅಭ್ಯಾಸ ಮುಗಿದ ಮೇಲೆ ಮಾಡಿ. ಹಾರುವ ಮುಂಚೆ ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಚಿಮ್ಮುವ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ಮುಂಚೆ ಬೇಕಾದದ್ದು ಕಾಲು ಬೀಸುವುದು, ಮಂಡಿ ಎತ್ತಿ ನಡೆಯುವುದು, ಹಗ್ಗ ಹಾರುವುದು (ಸ್ಕಿಪ್ಪಿಂಗ್).

ಎತ್ತುವ ಬಲ

ಸ್ಟ್ರೆಚ್ ಮುಗಿಸಿ ಎದ್ದು ಹೋಗಬೇಡಿ. ಕೂತಲ್ಲೇ ಮೊದಲ ಪರೀಕ್ಷೆಯ ಹಾಗೆ ಹಿಮ್ಮಡಿ ಎತ್ತುವುದನ್ನು ಮಾಡಿ. ಈಗಷ್ಟೇ ಸಿಕ್ಕ ಹೊಸ ಜಾಗದಲ್ಲಿ ಸ್ನಾಯು ಕೆಲಸ ಮಾಡುವುದನ್ನು ಕಲಿಯುವುದು ಆಗಲೇ. ಕೈ ತೊಡೆಸಂದಿನ ಹತ್ತಿರ ಊರಿದರೆ ಸುಲಭ, ಮುಂದೆ ಸರಿಸಿದಷ್ಟೂ ಕಷ್ಟ. ಎರಡೂ ಕಾಲು ಏಳದಿದ್ದರೆ ಒಂದೊಂದೇ ಎತ್ತಿ. ಅದೂ ಆಗದಿದ್ದರೆ ಗಟ್ಟಿ ದಿಂಬಿನ ಮೇಲೆ ಕೂತುಕೊಳ್ಳಿ. 6ರಿಂದ 8 ಎತ್ತು, ಮೂರು ಸುತ್ತು. ಕೊನೆಯ ಎತ್ತನ್ನು ಎರಡು ಸೆಕೆಂಡ್ ಮೇಲೇ ಹಿಡಿಯಿರಿ. ತೊಡೆ ಹಿಡಿದುಕೊಂಡರೆ ಹೆದರಬೇಡಿ. ತೊಡೆಯ ಮುಂದಿನ ಒಂದು ಸ್ನಾಯು ಸೊಂಟವನ್ನೂ ಮಂಡಿಯನ್ನೂ ದಾಟುತ್ತದೆ. ಮಂಡಿ ನೇರ ಇಟ್ಟು ಕಾಲೆತ್ತಿದಾಗ ಅದು ಪೂರ್ತಿ ಕುಗ್ಗಿರುವುದರಿಂದ ಹಾಗಾಗುತ್ತದೆ. ಬಿಟ್ಟು, ಉಜ್ಜಿ, ಮತ್ತೆ ಮಾಡಿ.

ನೆಲದಿಂದ ಚಿಮ್ಮಲು ಸ್ಕ್ವಾಟ್, ಒಂದು ಕಾಲು ಹಿಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್, ಭಾರ ಹಿಡಿದು ಸೊಂಟದಿಂದ ಬಗ್ಗಿ ಏಳುವ ರೊಮೇನಿಯನ್ ಡೆಡ್‌ಲಿಫ್ಟ್, ನಿಂತು ಹಿಮ್ಮಡಿ ಎತ್ತುವುದು. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು. ಇದರ ಬಗ್ಗೆ ಎಲ್ಲ ಕಡೆ ಮಾಹಿತಿ ಇದೆ, ನಾನು ಬೆಳೆಸುವುದಿಲ್ಲ.

ಹಾರುವ ಅಭ್ಯಾಸಕ್ಕೆ ಮಾತ್ರ ಎಣಿಕೆ ಇಡಿ. ಹೊಸಬರಿಗೆ ಒಂದು ದಿನಕ್ಕೆ 80ರಿಂದ 100 ಸಲ ಪಾದ ನೆಲ ಮುಟ್ಟಿದರೆ ಸಾಕು ಅನ್ನುವುದು ತರಬೇತಿಯ ಸಾಮಾನ್ಯ ಲೆಕ್ಕ. ಮೂರು ಟೋ ಟಚ್‌ಗಳ ಸರಣಿಯನ್ನು ಹತ್ತು ಸಲ ಮಾಡಿಸಿದರೆ ಆಗಲೇ 30 ಆಯಿತು. ಅದರ ಮೇಲೆ ಬಾಕ್ಸ್ ಜಂಪ್ (ಪೆಟ್ಟಿಗೆ ಮೇಲೆ ಹಾರುವುದು), ಟಂಬ್ಲಿಂಗ್ (ಪಲ್ಟಿ ಹೊಡೆಯುವುದು) ಸೇರಿಸಿದರೆ ಮೊಣಕಾಲ ಕೆಳಗಿನ ಮೂಳೆ ನೋಯದೆ ಇನ್ನೇನಾಗುತ್ತದೆ! ಇಳಿಯುವಾಗ ಪಾದಗಳು ಕೂಡಿರಲಿ, ಮಂಡಿ ಮಡಚಲಿ, ಒಳಕ್ಕೆ ವಾಲದಿರಲಿ. ಸದ್ದು ಕೇಳಿ. ‘ಧಪ್’ ಅಂದರೆ ಆ ಏಟು ಕೀಲಿಗೆ ಹೋಗುತ್ತಿದೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗೆರೆ ಎಳೆದು ಇಟ್ಟುಕೊಳ್ಳಿ. ಕೂತಾಗ ನೆಲಕ್ಕೆ ಒತ್ತುವ ಕುಂಡಿಯ ಮೂಳೆಗೆ ತೊಡೆಯ ಹಿಂದಿನ ಸ್ನಾಯು ಅಂಟಿಕೊಂಡಿರುತ್ತದೆ. ಹದಿಹರೆಯದಲ್ಲಿ ಆ ಜಾಗದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಪೂರ್ತಿ ಗಟ್ಟಿಯಾಗಿರುವುದಿಲ್ಲ. ಜೋರಾಗಿ ಕಾಲು ಚಿಮ್ಮಿದಾಗ ಅಥವಾ ಸ್ಪ್ಲಿಟ್‌ನಲ್ಲಿ ಯಾರಾದರೂ ಮೇಲಿಂದ ಒತ್ತಿದಾಗ ಮೂಳೆಯ ತುಣುಕೇ ಕಿತ್ತು ಬರಬಹುದು. ತೊಡೆಯ ನಡುವೆ ಎಳೆದ ಹಾಗಾದರೆ ಅದು ಸ್ಟ್ರೆಚ್. ಸರಿಯಾಗಿ ಆ ಮೂಳೆಯ ಮೇಲೆ ನೋವಾದರೆ, ‘ಟಪ್’ ಅಂದರೆ, ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮಕ್ಕಳ ಬೆನ್ನ ಮೇಲೆ ಕೂತು ಸ್ಪ್ಲಿಟ್ ಇಳಿಸುವುದನ್ನು ಮಾತ್ರ ಯಾರೂ ಮಾಡಬೇಡಿ.

ಆ ಹುಡುಗಿ ಸ್ಟ್ರೆಚ್ ಕಡಿಮೆ ಮಾಡಿದಳು, ಎತ್ತು ಜಾಸ್ತಿ ಮಾಡಿದಳು. ಎಂಟನೇ ವಾರದ ಹೊತ್ತಿಗೆ ಅವಳ ಹಿಮ್ಮಡಿಯ ಕೆಳಗೆ ನನ್ನ ಅಂಗೈ ಅಡ್ಡಡ್ಡ ತೂರುತ್ತಿತ್ತು.